ನಾಲ್ಕು ಗಂಟೆಯ ಪುಸ್ತಕ

ಡಾನ್‌ಕ್ಯಾಸ್ಟರಿನ ಆಸ್ಪತ್ರೆ, ಡಯಾಲಿಸಿಸ್ ವಾರ್ಡು.
ಮಂಗಳವಾರ, ಗುರುವಾರ, ಶನಿವಾರ
ನನ್ನದು ಪುಸ್ತಕದ ಗಾಡಿ.
ಸಂಬಳವಿಲ್ಲ. ಚಹಾ ಪುಕ್ಕಟೆ.
ಎಡಗಡೆಯ ಚಕ್ರ ಕಿರುಗುಡುತ್ತದೆ.

ಏಳನೆಯ ಕುರ್ಚಿಯ ವಿಲ್ಫ್ ಓಲ್ಡ್‌ರಾಯ್ಡ್,
ಮೂವತ್ತೊಂದು ವರ್ಷ ರೈಲಿಗೆ ಸಿಗ್ನಲ್ ಎಳೆದವನು,
ಮೊದಲ ದಿನವೇ ಷರತ್ತು ಹಾಕಿದ:
"ಯಂತ್ರ ನಿಲ್ಲುವ ಮೊದಲು ಮುಗಿಯುವಂಥದ್ದು ಕೊಡು.
ಅರ್ಧಕ್ಕೇ ಬಿಟ್ಟು ಏಳುವ ಪುಸ್ತಕ ಬೇಡ.
ಯಾಕೆಂದು ಕೇಳಬೇಡ."
ಕೇಳಲಿಲ್ಲ.

ಸಣ್ಣಕತೆ ಕೊಟ್ಟೆ.
ನರ್ಸು ಬಿಪಿ ನೋಡಿ ಹೋಗಿ ಮತ್ತೆ ಬರುವಷ್ಟರಲ್ಲಿ ಮುಗಿಸಿದ್ದ.
"ಬಾಗಿಲು ತಟ್ಟಿ ಓಡಿಹೋಗುವ ಹುಡುಗನ ಹಾಗಿದೆ."
ಕಾದಂಬರಿ ಕೊಟ್ಟೆ. ತೂಗಿ ನೋಡಿ ಹಿಂತಿರುಗಿಸಿದ.
"ಸೂಜಿ ಚುಚ್ಚಿದ ಕೈಯಲ್ಲಿ ಇಟ್ಟಿಗೆ ಹಿಡಿಯಲೇ?"

ಆಗ ಬಗ್ಗಿ ಕೆಳಗಿನ ಅರೆಯಲ್ಲಿ ತಡಕಿದೆ.
ಬೆನ್ನು ಎಷ್ಟು ತೆಳುವೆಂದರೆ
ನಂಬರಿನ ಚೀಟಿ ಅಂಟಿಸಲೂ ಜಾಗವಿಲ್ಲ;
ದಪ್ಪದವುಗಳ ನಡುವೆ
ಮೂವರ ಸೀಟಿಗೆ ನಾಲ್ಕನೆಯವರಾಗಿ
ಉಸಿರು ಬಿಗಿಹಿಡಿದು ಕೂತವು.
ನಮ್ಮಲ್ಲಿ ಕಿರುಕಾದಂಬರಿ ಅನ್ನುತ್ತಾರೆ,
ನೀಳ್ಗತೆ ಅಂತಲೂ.
ದೊಡ್ಡದನ್ನು ಕುಗ್ಗಿಸಿ ಒಂದು ಹೆಸರು,
ಸಣ್ಣದನ್ನು ಎಳೆದು ಇನ್ನೊಂದು.
ಅದರದೇ ಅಂತ ಹೆಸರಿಟ್ಟವರಿಲ್ಲ.
ವಿಲ್ಫನಿಗೆ ಹೇಳಿದೆ.
"ನಮ್ಮ ಚಿಕ್ಕಮ್ಮನೂ ಹಾಗೇ," ಅಂದ.
"ಎರಡು ಮನೆಯವರೂ ನಮ್ಮವಳಲ್ಲ ಅಂದರು.
ಎರಡು ಮನೆಯ ಬೀಗದಕೈಯೂ ಅವಳ ಸೊಂಟದಲ್ಲೇ."

ಹಳೆಯವು ಮೊದಲು.
ಬೆಂಕಿಯ ಸುತ್ತ ನಾಲ್ಕು ಗಂಡಸರು,
ಒಬ್ಬ ಗಂಟಲು ಸರಿಮಾಡಿಕೊಂಡು ಶುರುಮಾಡುತ್ತಾನೆ:
ನಡೆದದ್ದು ನನಗಲ್ಲ, ನನ್ನ ಗೆಳೆಯನಿಗೆ.
("ಯಾವಾಗಲೂ ಗೆಳೆಯನಿಗೇ!" ವಿಲ್ಫ್ ನಗುವನು.
"ನಮ್ಮ ಕ್ಯಾಬಿನ್ನಿನಲ್ಲೂ ಹಾಗೇ.")
ಒಂದೇ ಊರು, ಒಂದೇ ಚಳಿಗಾಲ, ಒಂದೇ ತಪ್ಪು.
"ಸಿಂಗಲ್ ಲೈನು," ಅಂದ. "ಎದುರಿಂದ ಇನ್ನೊಂದು ಬಂಡಿ ಬರ್ತಿದೆ ಅಂತ
ಮೊದಲ ಪುಟದಲ್ಲೇ ತಿಳಿಯುತ್ತದೆ.
ಎಲ್ಲಿ ಅನ್ನುವುದಷ್ಟೇ ಬಾಕಿ."
ಇದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಓದಿಲ್ಲ.

ಆಮೇಲೆ ಹೊಸವು.
ತಾಯಿ ಸತ್ತ ವಾರ ಫ್ರಿಜ್ ಖಾಲಿ ಮಾಡುವ ಮಗಳು,
ಸೂಪರ್‌ಮಾರ್ಕೆಟ್ಟಿನ ರಾತ್ರಿಪಾಳಿಯ ಒಂದೇ ಒಂದು ರಾತ್ರಿ.
ಮಾತಿಗೆ ಚಿಹ್ನೆಯಿಲ್ಲ, ಆಡಿದ್ದು ಯಾರೋ.
ಅರ್ಧ ಪುಟ ಬಿಳಿ.
"ಕಾಗದಕ್ಕೆ ದುಡ್ಡು ಕೊಟ್ಟ ಮೇಲೆ ಬರೆಯಬಾರದಿತ್ತೇ?"
ಗೊಣಗಿದ. ಗೊಣಗಿ,
ಆ ಬಿಳಿಯ ಮೇಲೇ ಬೆರಳಿಟ್ಟು
ತುಂಬಾ ಹೊತ್ತು ಕೂತ.

ಯಂತ್ರವೂ ಇದನ್ನೇ ಮಾಡುತ್ತದಲ್ಲ ಅನಿಸಿತು:
ಇರುವ ರಕ್ತವನ್ನೇ ತಿರುಗಿಸಿ ತಿರುಗಿಸಿ
ಬೇಡದ್ದನ್ನು ತೆಗೆಯುವುದು.
ಹೋಲಿಕೆ ತೀರ ಸಲೀಸಾಯಿತು.
ಅವನಿಗೆ ಹೇಳಲಿಲ್ಲ.

ನವೆಂಬರಿನ ಒಂದು ಗುರುವಾರ,
ಎಂಬತ್ತೆಂಟನೆಯ ಪುಟದಲ್ಲಿ, ಅಲಾರಂ ಕೂಗಿತು.
ಬಿಪಿ ಕುಸಿದು, ಕುರ್ಚಿ ಹಿಂದಕ್ಕೆ ಮಲಗಿ,
ಪುಸ್ತಕ ಎದೆಯ ಮೇಲೆ ಬೋರಲು.
ಉಳಿದದ್ದು ಹದಿನಾಲ್ಕು ಪುಟ.
ಪ್ಲಾಸ್ಟರಿನ ತುಂಡನ್ನು ಗುರುತಿಗೆ ಅಂಟಿಸಿ
"ಶನಿವಾರ" ಎಂದ, ಬಿಳಿಚಿದ ತುಟಿಯಲ್ಲಿ.

ಶನಿವಾರ ಏಳನೆಯ ಕುರ್ಚಿ ಖಾಲಿ.
ನನ್ನ ಮುಖ ನೋಡಿ ನರ್ಸು ಜೋಸೆಲಿನ್ ನಕ್ಕುಬಿಟ್ಟಳು:
"ಅಯ್ಯೋ, ಅದಲ್ಲ!
ನಿನ್ನೆ ರಾತ್ರಿ ಎರಡಕ್ಕೆ ಫೋನು.
ಕಿಡ್ನಿ ಸಿಕ್ಕಿತು. ಪೈಜಾಮದಲ್ಲೇ ಲೀಡ್ಸಿಗೆ ಹೋದ."

ಮಾರ್ಚಿನಲ್ಲಿ ಒಂದು ಕಾರ್ಡು, ಓರೆಕೋರೆ ಅಕ್ಷರ:
"ಎಂಟುನೂರ ನಲವತ್ತು ಪುಟದ್ದು ಹಿಡಿದಿದ್ದೇನೆ.
ಐವತ್ತು ಹೆಸರು, ಯಾರು ಯಾರ ಮಗನೋ ದೇವರಿಗೇ ಗೊತ್ತು.
ತೀರ ಬೇಜಾರು.
ಮುಗಿಯುವ ಲಕ್ಷಣವೇ ಕಾಣುತ್ತಿಲ್ಲ.
ಎಂಥ ಸುಖ.
ಆ ಇನ್ನೊಂದರ ಕೊನೆ ಮಾತ್ರ ಹೇಳಬೇಡ."

ಏಳನೆಯ ಕುರ್ಚಿಯಲ್ಲಿ ಈಗ ತಸ್ನೀಮ್ ಕೌಸರ್,
ಶಾಲೆಯ ಬಸ್ಸು ಓಡಿಸಿದವಳು.
ಗಾಡಿಯಿಂದ ತಾನೇ ಆರಿಸಿಕೊಂಡಳು, ತೆಳ್ಳಗಿದೆಯೆಂದು.
ಎಂಬತ್ತೆಂಟಕ್ಕೆ ಬಂದು ತಲೆಯೆತ್ತಿ,
ಪ್ಲಾಸ್ಟರನ್ನು ಉಗುರಿನಿಂದ ಕೆರೆಯುತ್ತ ಕೇಳಿದಳು,
"ಇಲ್ಲಿ ಯಾರಿಗೆ ಏನಾಯಿತು?"

"ಓದಿ," ಅಂದೆ,
"ಇನ್ನೂ ನಲವತ್ತು ನಿಮಿಷ ಇದೆ."