ಬಾಗಿಲು ಮುಚ್ಚುತ್ತಿದೆ

ಮೂವತ್ತೊಂದು ವರ್ಷ ಒಂದೇ ಮಾತು ಆಡಿದ್ದೇನೆ
ಲಿಯೆಪಾಯದ ಶಾಲೆಗಳಲ್ಲಿ:
ಇಲ್ಲಿ ನೋಡು. ನಗು.
ಮಕ್ಕಳು ನೋಡಿದರು, ನಕ್ಕರು, ನನ್ನ ಹೊಟ್ಟೆ ತುಂಬಿತು.

ಮಡಾರ್ಸ್ ನೋಡಲಿಲ್ಲ.
ಕ್ಯಾಮೆರಾದ ಮುಕ್ಕಾಲಿಯ ತಿರುಪನ್ನು ನೋಡಿದ.
ಅದು ಸಡಿಲವಾಗಿದ್ದದ್ದು ನಿಜ.

ಚಿಟಿಕೆ ಹೊಡೆದೆ, ರಬ್ಬರ್ ಬಾತು ಕೀಂಗುಡಿಸಿದೆ,
ಗಲ್ಲ ಹಿಡಿದು ತಿರುಗಿಸಲು ಹೋದೆ
(ಇದನ್ನೂ ಹೇಳಿಬಿಡಬೇಕು)
ತನ್ನ ಮಣಿಕಟ್ಟನ್ನೇ ಕಚ್ಚಿಕೊಂಡ.
ಆ ಕೂಗು
ತಿರುವಿನಲ್ಲಿ ಹಳಿ ಉಜ್ಜುವ ಟ್ರಾಮ್ ಚಕ್ರದ್ದು.
ಸಾಲಿನ ಮಕ್ಕಳು ಕಿವಿ ಮುಚ್ಚಿಕೊಂಡರು.
ಅವನು ಮೊದಲೇ ಮುಚ್ಚಿಕೊಂಡಿದ್ದ.

ತಾಯಿ ಸೊಲ್ವಿತಾ ಬಂದಳು,
ಮೀನು ಡಬ್ಬಿ ಕಾರ್ಖಾನೆಯ ಏಪ್ರನ್ನಿನಲ್ಲೇ.
"ದೇವರ ಮಗು ಅನ್ನಬೇಡಿ.
ಲೆಕ್ಕದಲ್ಲಿ ಜಾಣನಿರಬೇಕು ಅಂತ ಕೇಳಲೂಬೇಡಿ,
ಲೆಕ್ಕ ಬರುವುದಿಲ್ಲ.
ರಾತ್ರಿ ಮೂರಕ್ಕೆ ಏಳುತ್ತಾನೆ, ನನಗೆ ನಿದ್ದೆ ಬೇಕು, ಅಷ್ಟೇ.
ಮೊದಲು ಆ ದೀಪ ಆರಿಸಿ."

ಆರಿಸಿದೆ.
ಆಗ ಕೇಳಿಸಿತು, ಟ್ಯೂಬ್‌ಲೈಟಿನ ಗುಂಯ್ ನಿಂತದ್ದು.
ಇಷ್ಟು ವರ್ಷ ಅದರ ಕೆಳಗೇ ನಿಂತಿದ್ದೆ.

ಮಾತು ಬಾರದು ಎಂದು ಶಾಲೆಯ ಪಟ್ಟಿಯಲ್ಲಿ ಬರೆದಿದೆ.
ಟ್ರಾಮಿನ ಮಾತು ಬರುತ್ತದೆ.
"ಮುಂದಿನ ನಿಲ್ದಾಣ" ಎಂದರೆ ಸಾಕು, ಹೋಗೋಣ.
"ಬಾಗಿಲು ಮುಚ್ಚುತ್ತಿದೆ" ಎಂದರೆ ಹತ್ತಿರ ಬರಬೇಡ.
ಊರಿಗಿರುವುದು ಒಂದೇ ಟ್ರಾಮ್ ದಾರಿ,
ಅಷ್ಟರಲ್ಲೇ ಇಡೀ ದಿನವನ್ನು ಹೇಳುತ್ತಾನೆ.
ಉಳಿದದ್ದಕ್ಕೆ ಕೈಗಳಿವೆ.

ಕಿಟಕಿಯಿಂದ ಸಮುದ್ರದ ಬೂದು ಬೆಳಕು.
ಒಂದೇ ಒಂದು ಫೋಟೋ:
ಅರ್ಧ ಮುಖ, ಕೆನ್ನೆಯಂಚಿಗೆ ಒಣಗಿದ ಗಂಜಿ,
ಕೈ ಮಾತ್ರ ಮಸುಕು.
ಹಕ್ಕಿಯ ರೆಕ್ಕೆ ಅಂತೆಲ್ಲ ಅನ್ನಲಾರೆ.
ಕೈ. ಅಲುಗುತ್ತಿತ್ತು.

"ಕೆಟ್ಟಿದೆ, ಇನ್ನೊಂದು ತೆಗೆಯಿರಿ" ಎಂದರು ಮುಖ್ಯೋಪಾಧ್ಯಾಯಿನಿ.
ಪ್ರತಿ ಕೊಡಲು ಹೋದ ದಿನ
ಸೊಲ್ವಿತಾ ಬಹಳ ಹೊತ್ತು ನೋಡಿದಳು.
"ಅಂಗಿ ಒಳಮೈ ಹೊರಗೆ ಮಾಡಿ ಹಾಕಿದ್ದೆ, ಹೊಲಿಗೆ ಚುಚ್ಚದಿರಲೆಂದು.
ಹೊಲಿಗೆ ಚೆನ್ನಾಗಿ ಬಂದಿದೆ" ಎಂದಳು.
ದುಡ್ಡು ಎಣಿಸಿ ಕೊಟ್ಟಳು, ಕಡಿಮೆ ಮಾಡೆನ್ನಲಿಲ್ಲ.

ನಾನು ಮುಕ್ಕಾಲಿ ಮಡಚುತ್ತಿದ್ದೆ.
ಮಡಾರ್ಸ್ ಬಂದು ಪಕ್ಕದಲ್ಲಿ ನಿಂತ,
ನೋಡಿದ, ನನ್ನನ್ನಲ್ಲ.
ಏನಾದರೂ ಹೇಳಬೇಕೆನಿಸಿ ಬಗ್ಗಿದೆ.
"ಬಾಗಿಲು ಮುಚ್ಚುತ್ತಿದೆ."

ಒಂದು ಹೆಜ್ಜೆ ಹಿಂದೆ ಸರಿದೆ.
ಅವನು ತಿರುಪನ್ನು
ಇನ್ನೂ ಒಂದು ಸುತ್ತು ಬಿಗಿ ಮಾಡಿದ.