ಮುಂದೆ ಬರಲಿರುವ ೧೯೯೭

ಕಡೂರು ರಸ್ತೆಯ ಕ್ಯೂರಿಂಗ್ ವರ್ಕ್ಸಿನ ಕಣದಲ್ಲಿ
ಭಾನುವಾರ ರಾತ್ರಿ, ಗೋಡೌನಿನ ಸುಣ್ಣದ ಗೋಡೆಯೇ ಪರದೆ.
ಮ್ಯಾನೇಜರ ತಂಗಿಯ ಮಗ ಎಲ್ಲಿಂದಲೋ ತಂದಿದ್ದ
ಒಂದು ಪ್ರೊಜೆಕ್ಟರು, ಒಂದು ಹಳೇ ಕಪ್ಪುಬಿಳುಪು ಸಿನಿಮಾ.
ಗೋಣಿಚೀಲ ಮಡಿಸಿ ಕೂತೆವು ಮೂವತ್ತು ಜನ,
ಹಮಾಲರು, ಲಾರಿ ಡ್ರೈವರುಗಳು, ಗೇಟು ಬಿಟ್ಟು ಬಂದ ವಾಚ್‌ಮನ್ನು,
ಉಪ್ಪಳ್ಳಿಯಿಂದ ನಡೆದೇ ಬಂದ ಲೂರ್ದಮ್ಮ,
ಒಂದು ಕಾಲಕ್ಕೆ ಇಲ್ಲೇ ಬೀಜ ಆರಿಸುತ್ತಿದ್ದವಳು.
ಕರೆದವನು ನಾನು.

ಮೊದಲ ದೃಶ್ಯಕ್ಕೇ ದಪ್ಪಕ್ಷರ:
ಕಾಲ, ಮುಂದೆ ಬರಲಿರುವ ೧೯೯೭.

ಸಿನಿಮಾದಲ್ಲೊಂದು ಯಂತ್ರ.
ಯಂತ್ರವೆಂದರೆ ಎಂಟು ಕಬ್ಬಿಣದ ಬೀರು ಸಾಲಾಗಿ ನಿಂತ ಹಾಗೆ,
ಎದೆ ತುಂಬ ಮಿಣಮಿಣ ದೀಪ,
ತಿರುಗುವ ಎರಡು ಚಕ್ರ, ರಾಗಿ ಬೀಸುವುದಕ್ಕೂ ಬಾರದವು.
ಪೈಪು ಸೇದುವ ವಿಜ್ಞಾನಿ ಲೆಕ್ಕ ಕೇಳುತ್ತಾನೆ,
ಅದು ಲೆಕ್ಕ ಬಿಟ್ಟು ಬೇರೆಲ್ಲ ಹೇಳುತ್ತದೆ.
ಹುಡುಗ ಇಂಗ್ಲಿಷನ್ನು ಕನ್ನಡ ಮಾಡಿ ಕೂಗುತ್ತಿದ್ದ,
ಅರ್ಧ ತನ್ನದೇ ಸೇರಿಸಿ:
"ಕತ್ಲೆ ಅಂದ್ರೆ ಭಯ ಅಂತಿದೆ!"
ಹಮಾಲರಿಬ್ಬರು ಬಿದ್ದು ಬಿದ್ದು ನಕ್ಕರು.

ನಮ್ಮ ೧೯೯೭ ಬಂದದ್ದು ಲಾರಿಯಲ್ಲಿ,
ಮರದ ಪೆಟ್ಟಿಗೆಯೊಳಗೆ, ಥರ್ಮಾಕೋಲು ಹೊದ್ದು.
ಕುಂಕುಮ ಇಟ್ಟೆವು, ನಿಂಬೆಹಣ್ಣು ಕೊಯ್ದೆವು.
ಬಣ್ಣ ನೋಡುವ ಕಣ್ಣು ಅದಕ್ಕೆ.
ಜಾರುವ ಬೀಜದಲ್ಲಿ ಕಪ್ಪು ಕಂಡರೆ
ಗಾಳಿ ಊದಿ ಆಚೆ ಹಾಕುತ್ತದೆ, ಫುಸ್.
ಅಷ್ಟೇ. ಫುಸ್.

ಜೋಡಿಸಲು ಬಂದ ಇಂಜಿನಿಯರು ಕೇಳಿದ್ದ,
ಇಲ್ಲಿ ಎಲ್ಲರಿಗಿಂತ ಚೆನ್ನಾಗಿ ಆರಿಸೋರು ಯಾರು?
ಅಷ್ಟೂ ಹೆಂಗಸರ ಬೆರಳು ಲೂರ್ದಮ್ಮನ ಕಡೆ.
ಎರಡು ಗುಡ್ಡೆ ಮಾಡು ಅಂದ, ಒಳ್ಳೇದು, ಕೆಟ್ಟದ್ದು.
ಮೂರು ದಿನ ಮಾಡಿದಳು:
ಕರಿಬೀಜ, ಹುಳು ಕೊರೆದದ್ದು, ಬೂಷ್ಟು ಹಿಡಿದದ್ದು, ಬಿಳಿಚಿಕೊಂಡದ್ದು.
ಅದನ್ನೇ ತೋರಿಸಿ ತೋರಿಸಿ ಯಂತ್ರದ ಕಣ್ಣು ತೆರೆಸಿದರು.
ನಾನಾಗ ಹೆಲ್ಪರು. ಗುಡ್ಡೆ ಹೊತ್ತು ಸುರಿದದ್ದು ನಾನೇ.
ಮುಂದಿನ ಸೀಸನ್ನಿಗೆ ಬೆಲ್ಟಿನ ಎರಡೂ ಬದಿ
ನೂರಾ ನಲವತ್ತು ಮಣೆ ಖಾಲಿ.
ಮಣೆಗಳನ್ನೂ ಒಡೆದು ನೀರೊಲೆಗೆ ಹಾಕಿದೆವು, ಚೆನ್ನಾಗಿ ಉರಿದವು.

ಗೋಡೆಯ ಮೇಲೆ ಯಂತ್ರ ಬೇಡಿಕೊಂಡಿತು,
ಆಮೇಲೆ ಗದರಿತು, ಆಮೇಲೆ ಹಾಡು ಹೇಳಿಕೊಡು ಅಂದಿತಂತೆ
(ಇದು ಹುಡುಗನ ಸ್ವಂತದ್ದು, ಗೊತ್ತಾಯಿತು).
ಲೂರ್ದಮ್ಮ ನನ್ನ ಕಿವಿಗೆ ಬಗ್ಗಿ,
"ಅದ್ಯಾಕೋ ಇಷ್ಟೊಂದ್ ಮಾತಾಡ್ತದೆ?
ನಮ್ದು ಬಂದಾಗ ಒಂದ್ ಮಾತೂ ಆಡ್ಲಿಲ್ವಲ್ಲ.
ನಿನ್ನ ಕೆಲಸ ತಗೋತೀನಿ ಕಣಮ್ಮ ಅಂದಿದ್ರೆ
ಬೈದಾದ್ರೂ ಬೈತಿದ್ದೆ."

ನಾನು ಗೋಡೆ ನೋಡುತ್ತಿದ್ದೆ.
ಇಪ್ಪತ್ತು ವರ್ಷದಿಂದ ಅದರ ಆಪರೇಟರು ನಾನು,
ದಿನಾ ಬೆಳಗ್ಗೆ ಅದರ ಕಣ್ಣಿನ ಧೂಳು ಒರೆಸುವವನು.

ವಿಜ್ಞಾನಿ ಮೇನ್ ಸ್ವಿಚ್ಚಿಗೆ ಕೈ ಚಾಚಿದ.
ಚಾಚಿದ್ದೇ ತಡ ಊರಿಗೆ ಊರೇ ಕರೆಂಟು ಹೋಯಿತು.
"ಆಫ್ ಮಾಡೇಬಿಟ್ಟ!" ಯಾರೋ ಸೀಟಿ ಹೊಡೆದರು.
ಒಳಗೆ ನೈಟ್ ಶಿಫ್ಟಿನ ಫುಸ್ ಫುಸ್ಸೂ ನಿಂತಿತು.
ನಿಂತ ಮೇಲೆ ತಿಳಿದದ್ದು,
ಸಿನಿಮಾದ ಉದ್ದಕ್ಕೂ ಅದು ಊದುತ್ತಲೇ ಇತ್ತು.

ಕತ್ತಲಲ್ಲಿ ಲೂರ್ದಮ್ಮನ ಕೈ ನೆಲ ತಡವುತ್ತಿತ್ತು.
ಸಿಮೆಂಟಿನ ಬಿರುಕಿನಿಂದ ಒಂದು ಬೀಜ ಎತ್ತಿ
ಹೆಬ್ಬೆರಳಲ್ಲಿ ಹೊರಳಿಸಿದಳು, ಮೂಗಿಗೆ ಹಿಡಿದಳು.
"ನಾತದ್ದು," ಎಂದು ನನ್ನ ಅಂಗೈಗಿಟ್ಟಳು.
"ಬಣ್ಣ ಸರೀಗಿರ್ತದೆ ಇದರದ್ದು. ಆವತ್ತೂ ಹೇಳಕ್ ಹೋದೆ,
ಆ ಇಂಜಿನಿಯರು ಊಟಕ್ಕೆದ್ದ."

ಜನರೇಟರು ಹತ್ತುವಷ್ಟರಲ್ಲಿ ಅವಳು ಗೇಟು ದಾಟಿದ್ದಳು.
ಸಿನಿಮಾ ಮೊದಲಿನಿಂದ ಶುರುವಾಯಿತು.
ಯಂತ್ರದ ಗತಿ ಏನಾಯಿತೆಂದು
ಹುಡುಗನನ್ನು ನಾನು ಇವತ್ತಿಗೂ ಕೇಳಿಲ್ಲ.

ಸೋಮವಾರ ಬೆಳಗ್ಗೆ ಗಾಜು ಒರೆಸಿ,
ಜೇಬಿನಲ್ಲಿದ್ದ ಆ ಒಂದು ಬೀಜವನ್ನು ಬಾಯಿಗೆ ಹಾಕಿ
ಕಿವಿಗೊಟ್ಟು ನಿಂತೆ.

ಜಾರಿ ಹೋಯಿತು ಸುಮ್ಮನೆ, ಒಳ್ಳೇದರ ಜೊತೆಗೆ.
ಚೀಲ ಹೊಲಿದು ಗುರುವಾರ ಮಂಗಳೂರಿಗೆ ಕಳಿಸಿದೆವು.