ತಾಮ್ರದ ಕೈ

ಮೂವತ್ತೊಂದು ವರ್ಷ ಈ ಊರಿನ ಗೋಡೆಗಳೊಳಗೆ
ತಾಮ್ರದ ಕೊಳವೆ ಬೆಸೆದವನು ನಾನು.
ಗ್ದಾನ್ಸ್ಕಿನಲ್ಲಿ ಯಾರ ಮನೆಯ ನಲ್ಲಿ ತಿರುಗಿಸಿದರೂ
ನನ್ನದೊಂದು ಬೆಸುಗೆ ದಾಟಿ ಬರಬೇಕು ನೀರು.

ನನ್ನ ಗಾಜಿನ ತೊಟ್ಟಿಗೆ ಮಾತ್ರ
ಕಾಡಿನಂಚಿನ ಬುಗ್ಗೆಯಿಂದ ಹೊತ್ತು ತರುತ್ತೇನೆ.
ಉಗುರುದ್ದದ ಸಿಗಡಿಗಳು,
ತಿಂದದ್ದು ಹೊರಗೆ ಕಾಣುವಷ್ಟು ತೆಳು.
ತಾಮ್ರ ಚೂರು ಸೋಕಿದರೂ
ಬೆಳಗಾಗುವುದರೊಳಗೆ ಮಗುಚಿ ಬೀಳುತ್ತವೆ.
ಕಳೆದ ಈಸ್ಟರಿಗೆ ನಲವತ್ತು ಹೀಗೇ ಹೋದವು;
ನಾನು ಅದ್ದಿದ್ದು ಎರಡೇ ಬೆರಳು.

ನಿಂಬೆ, ಉಪ್ಪು, ಬೂದಿ, ಬ್ರಷ್ಷು.
ಎಷ್ಟು ಉಜ್ಜಿ ಮೂಸಿದರೂ ನಾಣ್ಯದ ವಾಸನೆ.
ವಿಯೆಸ್ವಾವಾ ನಗುತ್ತಾಳೆ:
"ನನ್ನನ್ನು ಮುಟ್ಟುವಾಗ ಯಾವತ್ತು ಇಷ್ಟು ತೊಳೆದಿದ್ದೆ?"

ಹಾಗಾಗಿ ಬೇಯಿಸಿದ ತುರಿಕೆಸೊಪ್ಪು ಹಾಕುವುದು
ಪಕ್ಕದ ಮನೆಯ ಬೋಗ್ನಾ, ಆರು ವರ್ಷ,
ಸ್ಟೂಲು ಹತ್ತಿ, ಸ್ವೆಟರಿನ ತೋಳು ಏರಿಸಿ, ನಾಲಗೆ ಕಚ್ಚಿ.
ಮೊನ್ನೆ ಕಿರುಚಿದಳು: "ಸತ್ತಿದೆ!"
ಕನ್ನಡಕ ಹುಡುಕಿ ಬಾಗಿದೆ.
ಸತ್ತದ್ದಲ್ಲ, ಕಳಚಿಟ್ಟ ಪೊರೆ,
ಮೀಸೆ ಸಮೇತ, ಒಂದು ಕಾಲೂ ತಪ್ಪದೆ.
ಅದರ ಒಡೆಯ ಪಾಚಿಯ ಹಿಂದೆ
ಇನ್ನೂ ಮೆತ್ತಗೆ, ಅವಿತಿತ್ತು.

"ಅಜ್ಜ, ನಿನ್ನ ಕೈ ಪೊರೆ ಬಿಡೋದು ಯಾವಾಗ?"

ಜೇಬಿನೊಳಗೆ ಬೆರಳು ಮಡಚಿಕೊಂಡೆ.